ಹುಡುಕಿದ ಸಂಶೋಧನಾ ಪೇಪರ್ ಸಿಗುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

"ಗೂಗಲ್ ಸ್ಕಾಲರ್ ಸರಿ ಇಲ್ಲ, ಬೇರೆ ಯಾವುದಾದ್ರೂ ಇದ್ಯಾ?" ಪೇಪರ್ ಹುಡುಕುವ ಗೂಗಲ್‌ನ ಈ ಟೂಲ್ ಬಗ್ಗೆ ಗ್ರಂಥಾಲಯದ ಮೇಜಿನ ಹತ್ತಿರ ಬಂದು ಕೇಳುವವರ ಮೊದಲ ಮಾತೇ ಇದು. ಇದೆ, ಬೇಕಾದಷ್ಟಿದೆ. ಆದರೆ ಟೂಲ್ ಬದಲಾಯಿಸುವುದು ಕೊನೆಗೆ ಮಾಡುವ ಕೆಲಸ. ಮೊದಲು ನೋಡಬೇಕಾದ್ದು ನೀವು ಟೈಪ್ ಮಾಡಿದ ಪದ. ಆಮೇಲೆ ವರ್ಷ, ಫಿಲ್ಟರ್, ಕೋಟ್ಸ್ (ಉದ್ಧರಣ ಚಿಹ್ನೆ). ಅದಾದ ಮೇಲೆ ಟೂಲ್. ದುಡ್ಡು ಕೊಡುವ ವಿಚಾರ ಎಲ್ಲಕ್ಕಿಂತ ಕೊನೆಗೆ, ಬಹಳ ಸಲ ಅಲ್ಲಿಯವರೆಗೆ ಹೋಗುವುದೇ ಬೇಡ.

ಕೊಡಗಿನಲ್ಲಿ ಹುಡುಕುವವರು ಹಲವು ಬಗೆ. ಪೊನ್ನಂಪೇಟೆ ಅರಣ್ಯ ಕಾಲೇಜಿನ ವಿದ್ಯಾರ್ಥಿಗಳು, ಮಡಿಕೇರಿ ವೈದ್ಯಕೀಯ ಕಾಲೇಜಿನವರು, ಇತಿಹಾಸದಲ್ಲಿ ಪಿಎಚ್‌ಡಿ ಮಾಡುವವರು, ತೋಟದ ಗಿಡ ಯಾಕೆ ಒಣಗುತ್ತಿದೆ ಎಂದು ತಾವೇ ಓದಿ ತಿಳಿಯಬೇಕು ಅನ್ನುವ ಬೆಳೆಗಾರರು. ತೊಂದರೆಗಳು ಮಾತ್ರ ಹೆಚ್ಚುಕಡಿಮೆ ಒಂದೇ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ.

"ಏನೂ ಬರ್ತಿಲ್ಲ, ಬಂದರೂ ನಾಲ್ಕೈದೇ"

ಮೊದಲು ಕೋಟ್ಸ್ ತೆಗೆಯಿರಿ. ಇಡೀ ಪ್ರಶ್ನೆಯನ್ನು ಕೋಟ್ಸ್ ಒಳಗೆ ಹಾಕಿದರೆ ಅದೇ ಸಾಲು, ಅದೇ ಕ್ರಮದಲ್ಲಿ ಇರುವ ಪೇಪರ್ ಮಾತ್ರ ಬರುತ್ತದೆ. ಹಾಗೆ ಯಾರೂ ಬರೆದಿರುವುದಿಲ್ಲ. ಎರಡು ಮೂರು ಮುಖ್ಯ ಪದ ಸಾಕು.

ಎರಡನೆಯದು ಊರಿನ ಹೆಸರು. ನಾವು ಕೊಡಗು ಎಂದು ಹುಡುಕುತ್ತೇವೆ, ಪೇಪರ್‌ಗಳಲ್ಲಿ ಕೂರ್ಗ್ ಎಂದಿರುತ್ತದೆ. 1956ರ ನವೆಂಬರ್ 1ರವರೆಗೆ ಕೂರ್ಗ್ ಬೇರೆಯೇ ರಾಜ್ಯವಾಗಿತ್ತು, ಹಾಗಾಗಿ ಅದಕ್ಕೂ ಮುಂಚಿನ ವರದಿಗಳಲ್ಲಿ ಕೊಡಗು ಎಂಬ ಪದ ಸಿಗುವುದೇ ಅಪರೂಪ. ಮಡಿಕೇರಿ ಅಲ್ಲಿ ಮರ್ಕಾರಾ. ಇವತ್ತಿಗೂ ನಮ್ಮ ಕಿತ್ತಳೆ ಜಗತ್ತಿಗೆಲ್ಲ ಕೂರ್ಗ್ ಮ್ಯಾಂಡರಿನ್. ಎರಡೂ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ನಡುವೆ ‘ಆರ್’ (OR) ಹಾಕಿ. ಸ್ಕಾಲರ್‌ನಲ್ಲಿ ಈ ‘ಆರ್’ನ ಎರಡೂ ಅಕ್ಷರ ದೊಡ್ಡದಾಗಿರಬೇಕು. ಸಣ್ಣಕ್ಷರವಾದರೆ ಅದನ್ನು "ಇದು ಅಥವಾ ಅದು" ಎಂಬ ಸೂಚನೆಯಾಗಿ ತೆಗೆದುಕೊಳ್ಳುವುದಿಲ್ಲ.

ಮೂರನೆಯದು, ನಮ್ಮ ಮನೆಮಾತಿನ ಹೆಸರನ್ನೇ ಒಮ್ಮೆ ಹಾಕಿ ನೋಡಿ. ಏಲಕ್ಕಿಯ ಕಟ್ಟೆ ರೋಗಕ್ಕೆ ಇಂಗ್ಲಿಷ್ ಪೇಪರ್‌ಗಳಲ್ಲೂ ‘ಕಟ್ಟೆ’ ಎಂದೇ ಹೆಸರು. ಏಲಕ್ಕಿಯ ಇನ್ನೊಂದು ರೋಗ ಕೊಕ್ಕೆ ಕಂದು ಕೂಡ ಹಾಗೆಯೇ. ಮೊಸಾಯಿಕ್ ವೈರಸ್ ಎಂದು ಮಾತ್ರ ಹುಡುಕಿದವರಿಗೆ ಹಳೆಯ ಒಳ್ಳೆಯ ಕೆಲಸ ಸಿಗದೇ ಹೋಗಬಹುದು. ದೇವರಕಾಡನ್ನು ಕೆಲವರು ಒಂದೇ ಪದವಾಗಿ ಬರೆಯುತ್ತಾರೆ, ಕೆಲವರು ಎರಡಾಗಿ ಒಡೆಯುತ್ತಾರೆ, ಇನ್ನು ಕೆಲವರು ‘ಸೇಕ್ರೆಡ್ ಗ್ರೋವ್’ ಎಂದಷ್ಟೇ ಬರೆದು ಮುಗಿಸುತ್ತಾರೆ. ಮೂರನ್ನೂ ಹಾಕಬೇಕು.

ಇಷ್ಟಾದರೂ ಬರಲಿಲ್ಲ ಅಂದರೆ ಈಗ ಟೂಲ್ ಎಲ್ಲಿ ಹುಡುಕುತ್ತದೆ ಎಂದು ನೋಡಬೇಕು. ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್ ನೋಡುವುದು ಶೀರ್ಷಿಕೆ, ಸಾರಾಂಶ, ಲೇಖಕರು, ವಿಷಯಪದಗಳು ಇಂಥವನ್ನು ಮಾತ್ರ. ಪೇಪರಿನ ಒಳಗಿನ ಪುಟಗಳನ್ನು ಅದು ಓದುವುದಿಲ್ಲ. ಗೂಗಲ್ ಸ್ಕಾಲರ್ ಸಾಧ್ಯವಾದ ಕಡೆಯೆಲ್ಲ ಇಡೀ ಪೇಪರನ್ನು ಓದಿರುತ್ತದೆ. ಒಂದು ಅಧ್ಯಯನ ಕೊಡಗಿನ ತೋಟದ ಕಾರ್ಮಿಕರ ಮೇಲೇ ನಡೆದಿರಬಹುದು. ಆದರೆ ಶೀರ್ಷಿಕೆಯಲ್ಲಿ "ದಕ್ಷಿಣ ಭಾರತ" ಎಂದಿದ್ದು, ಕೊಡಗು ಅನ್ನುವುದು ಒಳಗಿನ ವಿಧಾನದ ಭಾಗದಲ್ಲಿ ಒಮ್ಮೆ ಮಾತ್ರ ಬಂದಿದ್ದರೆ, ಪಬ್‌ಮೆಡ್‌ನಲ್ಲಿ ಕೊಡಗು ಎಂದು ಎಷ್ಟು ಕುಟ್ಟಿದರೂ ಅದು ಬರಲ್ಲ. ಸ್ಕಾಲರ್‌ನಲ್ಲಿ ಬರಬಹುದು. ಪಬ್‌ಮೆಡ್ ಸೆಂಟ್ರಲ್ ಎಂಬ ಪಕ್ಕದ ಟೂಲ್‌ನಲ್ಲೂ ಬರಬಹುದು, ಅದು ಪೂರ್ತಿ ಪಠ್ಯ ಹುಡುಕುತ್ತದೆ.

ಜರ್ನಲ್‌ನಲ್ಲಿ ಪ್ರಕಟವಾಗದೆ ಉಳಿದದ್ದೂ ಬಹಳ. ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ., ಪಿಎಚ್‌ಡಿ ಥೀಸಿಸ್‌ಗಳಿಗೆ ಕೃಷಿಕೋಶ. ಉಳಿದ ವಿಶ್ವವಿದ್ಯಾಲಯಗಳ ಪಿಎಚ್‌ಡಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ. ಶೋಧಗಂಗಾದಲ್ಲಿ ಕನ್ನಡ ಥೀಸಿಸ್‌ನ ಶೀರ್ಷಿಕೆ ಕೆಲವು ಸಲ ಕನ್ನಡ ಲಿಪಿಯಲ್ಲಿ, ಕೆಲವು ಸಲ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತದೆ. ಎರಡೂ ರೀತಿ ಹುಡುಕಿ. ಬೇರೆ ದೇಶಗಳ ಕೃಷಿ ಸಾಹಿತ್ಯಕ್ಕೆ ವಿಶ್ವಸಂಸ್ಥೆಯ ಎಫ್‌ಎಒ ನಡೆಸುವ ಆಗ್ರಿಸ್ ಇದೆ, ಉಚಿತ.

ಎಲ್ಲ ಹೆಸರು ಹಾಕಿ ಮೂರು ಕಡೆ ನೋಡಿದರೂ ಏನೂ ಇಲ್ಲವಾದರೆ ನಿಲ್ಲಿಸಿ. ಇನ್ನೂ ರಾತ್ರಿಯೆಲ್ಲ ಕೂತರೆ ಸಿಗುತ್ತದೆ ಅಂತಲ್ಲ. ಕಾಫಿ ವಿಚಾರವಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ. ಅದು 1946ರಿಂದ ಇದೆ, ಬಾಳೆಹೊನ್ನೂರಿನ ಮುಖ್ಯ ಕೇಂದ್ರ 1925ರಿಂದ. ಅಷ್ಟು ವರ್ಷದ ಕೆಲಸವೆಲ್ಲ ಇಂಟರ್‌ನೆಟ್ಟಿಗೆ ಏರಿರುತ್ತದೆ ಎಂದು ಅಂದುಕೊಳ್ಳಬೇಡಿ. ಏಲಕ್ಕಿಗೆ ಅಪ್ಪಂಗಳದ ಸಂಬಾರ ಬೆಳೆ ಕೇಂದ್ರವಿದೆ.

"ಲಕ್ಷಗಟ್ಟಲೆ ಬಂತು, ನನಗೆ ಬೇಕಾದ್ದು ಒಂದೂ ಇಲ್ಲ"

ಇದು ಮೊದಲಿನದಕ್ಕಿಂತ ಕೆಟ್ಟ ಲಕ್ಷಣ, ಯಾಕೆಂದರೆ ಹುಡುಕಿದ ತೃಪ್ತಿ ಕೊಟ್ಟುಬಿಡುತ್ತದೆ. ಸ್ಕಾಲರ್ ಮೇಲ್ಗಡೆ ಎಷ್ಟು ಲಕ್ಷ ಎಂದು ತೋರಿಸಿದರೂ ಒಂದು ಹುಡುಕಾಟಕ್ಕೆ ಸಾವಿರಕ್ಕಿಂತ ಜಾಸ್ತಿ ಫಲಿತಾಂಶ ತೆರೆಯಲು ಬಿಡುವುದಿಲ್ಲ. ಆ ದೊಡ್ಡ ಸಂಖ್ಯೆಯನ್ನು ಮರೆತುಬಿಡಿ.

ಕೊಳೆರೋಗವನ್ನೇ ತೆಗೆದುಕೊಳ್ಳಿ. ಜುಲೈಯಲ್ಲಿ ಮಳೆ ಹಿಡಿದು ಕೂತಾಗ ಕಾಫಿ ಎಲೆ ಕಪ್ಪಾಗಿ, ರೆಂಬೆಯಿಂದ ಕಳಚಿದರೂ ಕೆಳಗೆ ಬೀಳದೆ, ಬೂಷ್ಟಿನ ಎಳೆಯಲ್ಲಿ ನೇತಾಡುತ್ತಿರುತ್ತದೆ. ಅದರ ಬಗ್ಗೆ ಓದಬೇಕು ಎಂದು ಇಂಗ್ಲಿಷಿನಲ್ಲಿ ಕೊಳೆರೋಗ ಎಂದು ಟೈಪ್ ಮಾಡಿದರೆ ಅರ್ಧಕ್ಕರ್ಧ ಅಡಿಕೆ ಬರುತ್ತದೆ. ಅಡಿಕೆಯ ಕೊಳೆರೋಗ ಬೇರೆಯೇ, ಅದು ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬರುವುದು. ಅದಕ್ಕೆ ಹೇಳಿದ ಮಾತು ಕಾಫಿಗೆ ಹೊಂದಬೇಕೆಂದಿಲ್ಲ. ಸರಿ, ಇಂಗ್ಲಿಷ್ ಹೆಸರು ಹಾಕೋಣ ಎಂದು ‘ಬ್ಲ್ಯಾಕ್ ರಾಟ್’ ಎಂದರೆ ಎಲೆಕೋಸು, ದ್ರಾಕ್ಷಿ ಎಲ್ಲ ಸಾಲಾಗಿ ಬರುತ್ತವೆ. ಅವುಗಳಿಗೂ ಅದೇ ಹೆಸರಿನ ರೋಗಗಳಿವೆ.

ಇದನ್ನು ಸರಿಪಡಿಸುವ ಕ್ರಮ ಹೀಗೆ. ಮೊದಲು ಬೆಳೆಯ ಹೆಸರು ಸೇರಿಸಿ: ಕೊಳೆರೋಗ, ಕಾಫಿ. ಆಮೇಲೆ ಬೇಡದ್ದನ್ನು ಕಳೆಯಿರಿ. ಅರೆಕಾನಟ್ ಪದದ ಮೊದಲ ಅಕ್ಷರಕ್ಕೆ ಮುಂಚೆ ಜಾಗ ಬಿಡದೆ ಮೈನಸ್ ಚಿಹ್ನೆ ಇಟ್ಟರೆ ಅಡಿಕೆಯವು ಹೋಗುತ್ತವೆ. ಆದರೆ ಮೈನಸ್ ಬಳಸುವಾಗ ಜೋಪಾನ. ಕಾಫಿ, ಅಡಿಕೆ ಎರಡನ್ನೂ ಒಟ್ಟಿಗೆ ಬರೆದ ಒಳ್ಳೆಯ ಪೇಪರೂ ಅದರ ಜೊತೆ ಹೋಗಿಬಿಡುತ್ತದೆ. ಮೂರನೇ ಹೆಜ್ಜೆ, ಕಾಫಿಗೆ ಈ ರೋಗ ತರುವ ಶಿಲೀಂಧ್ರದ ವೈಜ್ಞಾನಿಕ ಹೆಸರು. ಇಲ್ಲಿ ಇನ್ನೊಂದು ಗಂಟಿದೆ: ಅದಕ್ಕೆ ಕಾಲಕಾಲಕ್ಕೆ ಹೆಸರು ಬದಲಾಗಿದೆ. ಪೆಲ್ಲಿಕ್ಯುಲೇರಿಯಾ ಕೊಳೆರೋಗ, ಕಾರ್ಟೀಸಿಯಂ ಕೊಳೆರೋಗ, ಕೊಳೆರೋಗ ನಾಕ್ಸಿಯಾ, ಸೆರಾಟೊಬೆಸಿಡಿಯಂ ನಾಕ್ಸಿಯಂ. ಹೌದು, ನಮ್ಮ ಪದವೇ ಲ್ಯಾಟಿನ್ ಹೆಸರಿನ ಒಳಗೆ ಹೋಗಿ ಕೂತಿದೆ. ಒಂದೊಂದು ಹೆಸರನ್ನೂ ಬೇರೆ ಬೇರೆ ಕೋಟ್ಸ್‌ನಲ್ಲಿ ಹಾಕಿ, ನಡುವೆ ದೊಡ್ಡಕ್ಷರದ ‘ಆರ್’ ಇಡಿ. ಸ್ಕಾಲರ್‌ನ ಹುಡುಕು ಪೆಟ್ಟಿಗೆ 256 ಅಕ್ಷರಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಎಲ್ಲ ಹೆಸರನ್ನೂ ಒಂದೇ ಸಲ ತುರುಕಬೇಡಿ.

ಬಿಳಿ ಕಾಂಡಕೊರಕದ ಕಥೆಯೂ ಇದೇ. ‘ಕಾಫಿ ವೈಟ್ ಸ್ಟೆಮ್ ಬೋರರ್’ ಎಂದರೆ ಆಫ್ರಿಕಾದ ಪೇಪರ್‌ಗಳೂ ಬರುತ್ತವೆ. ಅಲ್ಲಿ ಆ ಹೆಸರಿನಲ್ಲಿ ಕರೆಯುವುದು ಮೊನೊಕಾಮಸ್ ಲ್ಯೂಕೊನೋಟಸ್ ಎಂಬ ಬೇರೆ ದುಂಬಿಯನ್ನು. ನಮ್ಮ ಅರೇಬಿಕಾ ಕಾಫಿ ಗಿಡ ಕೊರೆಯುವುದು ಕ್ಸೈಲೋಟ್ರೆಕಸ್ ಕ್ವಾಡ್ರಿಪಿಸ್. ಕೀಟ, ರೋಗ, ಗಿಡ, ಹಾವು ಇವುಗಳ ಬಗ್ಗೆ ಹುಡುಕುವಾಗ ವೈಜ್ಞಾನಿಕ ಹೆಸರಿಲ್ಲದೆ ಮುಂದೆ ಹೋಗಲೇಬೇಡಿ ಎಂದು ನಾನು ಹೇಳುವುದು ಇದಕ್ಕೇ.

ವೈದ್ಯಕೀಯ ವಿಷಯವಾದರೆ ಈ ಪಾಡು ಕಡಿಮೆ. ಪಬ್‌ಮೆಡ್‌ನಲ್ಲಿ ‘ಮೆಶ್’ ಎಂಬ ವಿಷಯಪದಗಳ ಪಟ್ಟಿ ಇದೆ. ಹಾವು ಕಡಿತವನ್ನು ಇಂಗ್ಲಿಷಿನಲ್ಲಿ ಒಂದೇ ಪದವಾಗಿ ಟೈಪ್ ಮಾಡಿದರೂ ಅದು ತಾನಾಗಿ ಆ ಪಟ್ಟಿಯ ಸರಿಯಾದ ಪದವನ್ನೂ ಸೇರಿಸಿ ಹುಡುಕುತ್ತದೆ. ಏನು ಸೇರಿಸಿತು ಎನ್ನುವುದನ್ನು ಅಡ್ವಾನ್ಸ್‌ಡ್ ಪುಟದ ಡೀಟೇಲ್ಸ್‌ನಲ್ಲಿ ನೋಡಬಹುದು. ಪಬ್‌ಮೆಡ್‌ನಲ್ಲಿ ಹುಡುಕುವಾಗ ಕೋಟ್ಸ್ ಹಾಕಿದರೆ, ಅಥವಾ ಪದದ ಕೊನೆಗೆ ನಕ್ಷತ್ರ ಚಿಹ್ನೆ ಇಟ್ಟರೆ, ಈ ಸಹಾಯ ನಿಂತುಹೋಗುತ್ತದೆ. ಸ್ಕಾಲರ್‌ನ ಅಭ್ಯಾಸವನ್ನು ಪಬ್‌ಮೆಡ್‌ಗೆ ತಂದರೆ ಕೆಡುವುದು ಇಲ್ಲೇ.

"ಬರೀ ಹಳೆಯದೇ ಬರ್ತಿದೆ"

ಸ್ಕಾಲರ್ ಪಟ್ಟಿ ಮಾಡುವಾಗ ಎಷ್ಟು ಜನ ಉಲ್ಲೇಖಿಸಿದ್ದಾರೆ ಎನ್ನುವುದಕ್ಕೆ ಬಹಳ ಬೆಲೆ ಕೊಡುತ್ತದೆ. ಹಳೆಯ ಪೇಪರ್‌ಗೆ ಉಲ್ಲೇಖ ಜಾಸ್ತಿ, ಹಾಗಾಗಿ ಅದು ಮೇಲೆ. ಎಡಗಡೆಯ ವರ್ಷದ ಫಿಲ್ಟರ್ ಹಾಕಿ. "ಸಾರ್ಟ್ ಬೈ ಡೇಟ್" ಒತ್ತಿ ಎಲ್ಲ ಮಾಯವಾಯಿತು ಎಂದು ಗಾಬರಿಯಾಗಬೇಡಿ. ಅದು ಕಳೆದ ಒಂದು ವರ್ಷದಲ್ಲಿ ಸೇರಿದ್ದನ್ನು ಮಾತ್ರ ತೋರಿಸುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಇದೆ. ಆ ಹಳೆಯ ಪೇಪರಿನ ಕೆಳಗಿರುವ "ಸೈಟೆಡ್ ಬೈ" ಒತ್ತಿ. ಅದನ್ನು ಆಧರಿಸಿ ಆಮೇಲೆ ಬಂದ ಕೆಲಸವೆಲ್ಲ ಸಾಲಾಗಿ ನಿಲ್ಲುತ್ತದೆ. ಆ ಸಾಲಿನ ಒಳಗೇ ಮತ್ತೆ ಪದ ಹಾಕಿ ಹುಡುಕಬಹುದು. ಇದೇ ಕೆಲಸಕ್ಕೆ ಸೆಮ್ಯಾಂಟಿಕ್ ಸ್ಕಾಲರ್ ಕೂಡ ಚೆನ್ನಾಗಿದೆ. ಅಮೆರಿಕದ ಆಲೆನ್ ಸಂಸ್ಥೆ 2015ರಲ್ಲಿ ತೆರೆದ ಉಚಿತ ಟೂಲ್ ಅದು. ಉಲ್ಲೇಖಗಳಲ್ಲಿ ಯಾವುದು ಸುಮ್ನೆ ಹೆಸರು ಹೇಳಿ ಹೋದದ್ದು, ಯಾವುದು ನಿಜವಾಗಿ ಆ ಕೆಲಸದ ಮೇಲೆ ನಿಂತದ್ದು ಎಂದು ಬೇರ್ಪಡಿಸಲು ಪ್ರಯತ್ನ ಮಾಡುತ್ತದೆ. ಓಪನ್‌ಅಲೆಕ್ಸ್ ಇನ್ನೂ ಹೊಸದು. ಮೈಕ್ರೋಸಾಫ್ಟ್ ಅಕಾಡೆಮಿಕ್ 2021ರ ಕೊನೆಗೆ ಬಾಗಿಲು ಹಾಕಿದ ಬೆನ್ನಿಗೇ, 2022ರಲ್ಲಿ ಬಂತು. ಅದರ ದತ್ತಾಂಶ ಯಾರು ಬೇಕಾದರೂ ಬಳಸಬಹುದು.

ಇಲ್ಲೊಂದು ಎಚ್ಚರಿಕೆ, ಬೆಳೆಗಾರರಿಗೆ. ಹಳೆಯ ಪೇಪರ್ ಮೇಲೆ ಬಂತು ಎಂದರೆ ಅದರಲ್ಲಿರುವ ಔಷಧಿ ಈಗಲೂ ನಡೆಯುತ್ತದೆ ಎಂದಲ್ಲ. ಕಾಂಡಕೊರಕಕ್ಕೆ ಲಿಂಡೇನ್ ಬಳಿಯಿರಿ ಎಂದು ಒಂದು ಕಾಲದ ಶಿಫಾರಸು ಇತ್ತು. ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಎಂದಿತ್ತು. ಎರಡೂ ಈಗ ಭಾರತದಲ್ಲಿ ನಿಷೇಧ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲೇ ತಡೆಯಿತು. ಪೇಪರ್ ಓದಿ ಔಷಧಿಯ ಅಳತೆ ನಿರ್ಧರಿಸಬೇಡಿ. ಡಬ್ಬಿಯ ಲೇಬಲ್ ನೋಡಿ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕಾಫಿ ಮಂಡಳಿಯ ಕಚೇರಿಯಲ್ಲೋ ಈಗಿನ ಶಿಫಾರಸು ಕೇಳಿ.

"ಸಿಕ್ಕಿತು, ಆದರೆ ತೆರೆಯೋಕೆ ಡಾಲರ್ ಕೇಳ್ತಿದೆ"

ಕಾರ್ಡ್ ತೆಗೆಯಬೇಡಿ. ಮೊದಲು ಸ್ಕಾಲರ್‌ನಲ್ಲಿ ಪೇಪರಿನ ಬಲಗಡೆ ಪಿಡಿಎಫ್ ಲಿಂಕ್ ಇದೆಯಾ ನೋಡಿ. ಇಲ್ಲದಿದ್ದರೆ ಕೆಳಗಿನ "ಆಲ್ ವರ್ಷನ್ಸ್" ಒತ್ತಿ. ಲೇಖಕರು ತಮ್ಮ ಸಂಸ್ಥೆಯ ಸೈಟಿನಲ್ಲಿ ಹಾಕಿಟ್ಟ ಪ್ರತಿ ಅಲ್ಲಿ ಸಿಗುವುದುಂಟು. ಎರಡನೆಯದು, ಅನ್‌ಪೇವಾಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್. ಕಾನೂನುಬದ್ಧ ಉಚಿತ ಪ್ರತಿ ಎಲ್ಲಾದರೂ ಇದ್ದರೆ ಪಕ್ಕದಲ್ಲಿ ಹಸಿರು ಬೀಗ ತೋರಿಸುತ್ತದೆ. ಮೂರನೆಯದು, ಕೋರ್ ಮತ್ತು ಬೇಸ್. ಒಂದು ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯದು, ಇನ್ನೊಂದು ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದ್ದು. ಇವೆರಡೂ ಬೇರೆ ಬೇರೆ ಸಂಸ್ಥೆಗಳ ಭಂಡಾರಗಳನ್ನು ಜಾಲಾಡುತ್ತವೆ.

ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯದವರಾದರೆ ನಿಮ್ಮ ಬಾಗಿಲು ಈಗಾಗಲೇ ತೆರೆದಿರಬಹುದು. ಕೇಂದ್ರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 2025ರ ಜನವರಿ 1ರಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಇಷ್ಟು ದುಡ್ಡು ಸುರಿದದ್ದನ್ನು ಬಳಸದೆ ಒಂದು ಪೇಪರಿಗೆ ನಲವತ್ತು ಡಾಲರ್ ಕೊಡುವುದು ಬೇಕಾ? ನಿಮ್ಮ ಸಂಸ್ಥೆ ನೋಂದಾಯಿಸಿದೆಯಾ, ಮನೆಯಿಂದ ಲಾಗಿನ್ ಆಗಬಹುದಾ ಎಂದು ಗ್ರಂಥಾಲಯದಲ್ಲಿ ಕೇಳಿ. ಖಾಸಗಿ ಕಾಲೇಜಿನವರಿಗೆ ಇದು ಸದ್ಯಕ್ಕಿಲ್ಲ. ಅವರು ತಮ್ಮ ಕಾಲೇಜು ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯನೇ ಎಂದು ವಿಚಾರಿಸಬೇಕು.

ಏನೂ ಆಗದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. "ನಾನು ಇಂಥವನು, ನಿಮ್ಮ ಇಂಥ ಪೇಪರ್ ಓದಬೇಕಿತ್ತು" ಎಂದರೆ ಸಾಕು. ತಮ್ಮ ಕೆಲಸ ಯಾರೋ ಓದುತ್ತಾರೆ ಎಂದರೆ ಯಾರಿಗೆ ಖುಷಿ ಆಗಲ್ಲ? ಕದ್ದ ಪ್ರತಿ ಕೊಡುವ ಸೈಟುಗಳ ದಾರಿ ಹಿಡಿಯಬೇಡಿ. ಕಾನೂನಿನ ಮಾತು ಬಿಡಿ, ಅಂಥ ಹೆಸರಿನ ನಕಲಿ ಸೈಟುಗಳಿಂದ ಬೇಡದ ಫೈಲ್ ಬಂದು ಲ್ಯಾಬಿನ ಕಂಪ್ಯೂಟರೇ ಕೆಟ್ಟು ಕೂರಬಹುದು. ಸ್ನೇಹಿತನ ವಿಶ್ವವಿದ್ಯಾಲಯದ ಪಾಸ್‌ವರ್ಡ್ ಕೇಳುವುದೂ ಬೇಡ, ಸಿಕ್ಕಿಬೀಳುವವನು ಅವನು.

"ಎಐ ಕೊಟ್ಟ ಪೇಪರ್ ಎಲ್ಲೂ ಸಿಗ್ತಿಲ್ಲ"

ಅದು ಇಲ್ಲದೇ ಇರಬಹುದು. ಚಾಟ್ ಮಾಡುವ ಎಐಗಳು ನಂಬುವಂಥ ಶೀರ್ಷಿಕೆ, ನಂಬುವಂಥ ಲೇಖಕರು, ನಿಜವಾದ ಜರ್ನಲ್ ಹೆಸರು ಸೇರಿಸಿ ಇಲ್ಲದ ಪೇಪರ್ ಹುಟ್ಟಿಸುತ್ತವೆ. ಪರೀಕ್ಷೆ ಸುಲಭ. ಶೀರ್ಷಿಕೆಯನ್ನು ಪೂರ್ತಿ ಕೋಟ್ಸ್‌ನಲ್ಲಿ ಹಾಕಿ ಸ್ಕಾಲರ್‌ನಲ್ಲಿ ಹುಡುಕಿ. ಕೋಟ್ಸ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ಡಿಒಐ, ಅಂದರೆ ಪೇಪರಿನ ಗುರುತಿನ ಸಂಖ್ಯೆ ಇದ್ದರೆ, ಅದು 10ರಿಂದ ಶುರುವಾಗಬೇಕು, ಅದನ್ನು ಡಿಒಐ ಸೈಟಿನಲ್ಲಿ ಹಾಕಿ. ತೆರೆಯಲಿಲ್ಲ ಅಂದರೆ ಅನುಮಾನ. ಬೇರೆ ಯಾವುದೋ ಪೇಪರ್ ತೆರೆದುಕೊಂಡರೆ ಅದು ಹುಟ್ಟಿಸಿದ್ದೇ ಇರಬೇಕು, ಬಿಟ್ಟುಬಿಡಿ.

ಎಲಿಸಿಟ್, ಕನ್ಸೆನ್ಸಸ್‌ನಂಥವು ಬೇರೆ ತರಹ. ಅವು ನಿಜವಾದ ಪೇಪರ್‌ಗಳ ಭಂಡಾರದಲ್ಲೇ ಹುಡುಕಿ ಸಾರ ಹೇಳುತ್ತವೆ. ಪೇಪರ್ ಇರುತ್ತದೆ, ಆದರೆ ಹೇಳಿದ ಸಾರ ಸರಿಯಾಗಿರಬೇಕೆಂದಿಲ್ಲ. ಎಷ್ಟೋ ಸಲ ಅವಕ್ಕೆ ಸಿಕ್ಕಿರುವುದೇ ಸಾರಾಂಶ ಮಾತ್ರ. ಹುಡುಕಾಟ ಶುರು ಮಾಡಲು, ಹೊಸ ಪದಗಳನ್ನು ಹಿಡಿಯಲು ಬಳಸಿ. ಥೀಸಿಸ್‌ನಲ್ಲಿ ಹಾಕುವ ಮುನ್ನ ಪೇಪರನ್ನು ನೀವೇ ತೆರೆದು ಓದಿ. ಗೈಡ್ ಕೇಳುವುದು ನಿಮ್ಮನ್ನೇ.

"ಒಂದೊಂದು ಕಡೆ ಒಂದೊಂದು ಲೆಕ್ಕ"

ಅದೇ ಪೇಪರಿಗೆ ಸ್ಕಾಲರ್‌ನಲ್ಲಿ ಉಲ್ಲೇಖ ಜಾಸ್ತಿ, ಸ್ಕೋಪಸ್‌ನಲ್ಲಿ ಕಡಿಮೆ, ವೆಬ್ ಆಫ್ ಸೈನ್ಸ್‌ನಲ್ಲಿ ಇನ್ನೂ ಕಡಿಮೆ. ಇದು ದೋಷವಲ್ಲ. ಸ್ಕಾಲರ್ ಥೀಸಿಸ್, ವರದಿ, ಪುಸ್ತಕ ಎಲ್ಲವನ್ನೂ ಎಣಿಸುತ್ತದೆ. ಉಳಿದೆರಡು ತಾವು ಆರಿಸಿದ ಮೂಲಗಳನ್ನು ಮಾತ್ರ. ಅವೆರಡಕ್ಕೂ ಸಂಸ್ಥೆ ದುಡ್ಡು ಕಟ್ಟಿರಬೇಕು.

ಸ್ಕಾಲರ್‌ನಲ್ಲಿ ನಿನ್ನೆ ಬಂದದ್ದು ಇವತ್ತು ಬರದೆಯೂ ಇರಬಹುದು. ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ಒಂದು ವಿಷಯದ ಎಲ್ಲ ಪೇಪರನ್ನೂ ಕ್ರಮವಾಗಿ ಹುಡುಕಿ ತೂಗುವ ಕೆಲಸ ಮಾಡುವವರಿಗೆ ಇದು ದೊಡ್ಡ ತೊಂದರೆ. ಇನ್ನೊಬ್ಬರು ಅದೇ ಹುಡುಕಾಟ ಮಾಡಿ ಅದೇ ಪಟ್ಟಿ ಪಡೆಯಬೇಕು, ಅಲ್ವಾ? ಅಂಥ ಕೆಲಸಕ್ಕೆ ಪಬ್‌ಮೆಡ್, ಸ್ಕೋಪಸ್ ಮುಖ್ಯ, ಸ್ಕಾಲರ್ ಬಿಟ್ಟುಹೋದದ್ದನ್ನು ಹೆಕ್ಕಲು. ಯಾವ ದಿನ, ಯಾವ ಟೂಲ್, ಯಾವ ಪದ, ಎಷ್ಟು ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

"ರೋಬೋಟ್ ಅಲ್ಲ ಅಂತ ಸಾಬೀತು ಮಾಡಿ ಅಂತಿದೆ"

ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಒಂದೇ ವೈಫೈಯಿಂದ ಸ್ಕಾಲರ್ ತೆರೆದಾಗ ಹೀಗಾಗುತ್ತದೆ. ಸ್ವಲ್ಪ ಹೊತ್ತು ಬಿಡಿ, ಅಥವಾ ಮೊಬೈಲ್ ಡೇಟಾಗೆ ಹೋಗಿ. ಮಳೆಗಾಲದಲ್ಲಿ ಕರೆಂಟ್, ನೆಟ್ ಎರಡೂ ಕೈಕೊಡುವ ಕಡೆ ಪಿಡಿಎಫ್ ಒಂದೊಂದಾಗಿ ತೆರೆಯಬೇಡಿ. ನೆಟ್ ಇದ್ದಾಗ ಪಟ್ಟಿಯನ್ನು ಜೊಟೇರೊ ಎಂಬ, ಪೇಪರ್ ವಿವರ ಜೋಡಿಸಿಡುವ ಸಾಫ್ಟ್‌ವೇರಿನಲ್ಲಿ ಉಳಿಸಿಕೊಳ್ಳಿ, ಅದು ಉಚಿತ. ಸಾರಾಂಶ ಓದಿ ಬೇಕಾದ್ದನ್ನಷ್ಟೇ ಆಮೇಲೆ ಇಳಿಸಿ.

"ಸಿಕ್ಕಿತು, ಓದಿದೆ. ನಂಬಬಹುದಾ?"

ಮೊದಲ ತಪಾಸಣೆ: ತಪ್ಪಿದೆ ಎಂದು ಜರ್ನಲ್‌ನವರು ಪೇಪರನ್ನು ವಾಪಸ್ ತೆಗೆದಿದ್ದಾರಾ? ಪಬ್‌ಮೆಡ್ ಇದನ್ನು ಪುಟದ ಮೇಲೆಯೇ ತೋರಿಸುತ್ತದೆ. ಬೇರೆ ವಿಷಯಗಳಿಗೆ ರಿಟ್ರಾಕ್ಷನ್ ವಾಚ್ ಪಟ್ಟಿ ಇದೆ. 2023ರಲ್ಲಿ ಡಿಒಐ ನೋಂದಾಯಿಸುವ ಕ್ರಾಸ್‌ರೆಫ್ ಸಂಸ್ಥೆ ಅದನ್ನು ಕೊಂಡು ಎಲ್ಲರಿಗೂ ಉಚಿತ ಮಾಡಿತು. ಎರಡನೆಯದು ಜರ್ನಲ್. ಓಪನ್ ಆಕ್ಸೆಸ್, ಅಂದರೆ ಎಲ್ಲರಿಗೂ ಉಚಿತ ಎಂದು ಹೇಳಿಕೊಂಡರೆ ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲಿ ಇದೆಯಾ ನೋಡಿ. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಫೀಸ್ ಕಳಿಸಿ ಎಂದು ವಾಟ್ಸಾಪ್‌ನಲ್ಲಿ ಬರುವ ಜರ್ನಲ್‌ಗಳನ್ನು ಓದಲೂ ಬೇಡಿ, ಅಲ್ಲಿ ಬರೆಯಲೂ ಬೇಡಿ. ಯುಜಿಸಿ ಒಪ್ಪಿದ ಜರ್ನಲ್‌ಗಳ ‘ಯುಜಿಸಿ ಕೇರ್’ ಪಟ್ಟಿಯಲ್ಲಿದ್ದೇವೆ ಎಂದು ಇನ್ನೂ ಹೇಳಿಕೊಳ್ಳುವವರಿದ್ದಾರೆ. ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿದೆ.

ಮೂರನೆಯದು, ಅಧ್ಯಯನ ನಡೆದ ಜಾಗ. ಬ್ರೆಜಿಲ್‌ನ ಬಯಲು ತೋಟದಲ್ಲಿ ಬಿಸಿಲಿಗೆ ಬೆಳೆದ ಕಾಫಿಯ ಲೆಕ್ಕ ನಮ್ಮ ಸಿಲ್ವರ್ ಓಕ್ ಮರ, ಹಲಸು, ಮೆಣಸು ಬಳ್ಳಿಯ ನೆರಳಿನ ತೋಟಕ್ಕೆ ಹಾಗೇ ಕೂರುವುದಿಲ್ಲ. ಔಷಧಿಯ ವಿಷಯದಲ್ಲಿ ಇದು ಇನ್ನೂ ಗಂಭೀರ. ನಮ್ಮಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್, ಅಂದರೆ ಹಿಪ್ನೇಲ್, ಆ ಪಟ್ಟಿಯಲ್ಲಿಲ್ಲ. ಹಿಪ್ನೇಲ್ ಎಂದು ಹುಡುಕಿ ಪೇಪರ್ ಓದುವುದು ವೈದ್ಯಕೀಯ ವಿದ್ಯಾರ್ಥಿಯ ಕೆಲಸ. ತೋಟದಲ್ಲಿ ಯಾರಿಗಾದರೂ ಹಾವು ಕಡಿದಿದ್ದರೆ ಫೋನಿನಲ್ಲಿ ಏನನ್ನೂ ಹುಡುಕಬೇಡಿ. ಕಟ್ಟುವುದು, ಕುಯ್ಯುವುದು ಬೇಡ. ಕಡಿದ ಕೈಕಾಲು ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಜೀಪಿನಲ್ಲಿ ಕೂರಿಸಿ ಹತ್ತಿರದ ಆಸ್ಪತ್ರೆಗೆ ಹೊರಡಿ.